ಇನ್ನೂರ ಹನ್ನೆರಡು ಮನೆಯ ಗಾಜು

"ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈಗೆ ಕೀ ಕೊಟ್ಟಿದ್ದು ನನ್ನದೇ ತಪ್ಪು! ಬಾತ್‌ರೂಮ್ ಕನ್ನಡಿ ಕೊಯ್ಯೋನಿಗೆ ಕಲೆ ಅಂದ್ರೆ ಏನು ಗೊತ್ತು?"

ಲೈಬ್ರರಿಯ ಹೊಸ ಓದುವ ಕೋಣೆಯಲ್ಲಿ ನಲವತ್ತು ಜನ ನಿಂತಿದ್ದರು. ಅವಳ ಕೂಗಿಗೆ ಎಲ್ಲರೂ ಗಾಜಿನವನತ್ತ ತಿರುಗಿದರು.

ಉದ್ದ ಮೇಜಿನ ಮೇಲೆ ಗಾಜಿನ ದೊಡ್ಡ ಹಾಳೆ ಮಲಗಿತ್ತು. ಸುತ್ತಲ ಬೀದಿಗಳ ಇನ್ನೂರ ಹನ್ನೆರಡು ಮನೆಯವರು ಒಂದೊಂದು ಗಾಜಿನ ತುಂಡು ಕೊಟ್ಟಿದ್ದರು. ಔಷಧಿಯ ಕಂದು ಬಾಟಲಿ, ಒಡೆದ ಲಾಟೀನಿನ ಬುರುಡೆ, ಹಳೇ ಬಾಗಿಲಿನ ಹಸಿರು ಗಾಜು, ಮಗುವೊಂದು ಗೆದ್ದ ಗೋಲಿ. ಎಲ್ಲವನ್ನೂ ಕುಲುಮೆಯಲ್ಲಿ ಅಂಚು ಕರಗಿ ಒಂದಕ್ಕೊಂದು ಅಂಟುವಷ್ಟು ಕಾಯಿಸಿ ಒಂದೇ ಹಾಳೆ ಮಾಡಿ ಈ ಕೋಣೆಯ ಕಿಟಕಿಗೆ ಕೂರಿಸಬೇಕು ಎಂಬುದು ಅವಳ ಕನಸು. ಕಾಲೇಜಿನಲ್ಲಿ ಗಾಜಿನ ಕಲೆ ಕಲಿತು ಬಂದ ಅವಳನ್ನು ಬೀದಿಯವರು 'ಬಣ್ಣದ ಮೇಡಂ' ಎನ್ನುತ್ತಿದ್ದರು.

ಆ ಕನಸಿಗೆ ಇವತ್ತು ಮೂರು ಬಿರುಕು ಬಿದ್ದಿತ್ತು. ಉದ್ಘಾಟನೆಗೆ ಉಳಿದದ್ದು ಒಂಬತ್ತೇ ದಿನ.

"ನಮ್ಮ ಯಜಮಾನರ ಕನ್ನಡಕದ ಗಾಜು ಎಲ್ಲಮ್ಮಾ?" ಸ್ವಲ್ಪ ಮುಂಚೆ ಹಲ್ಲಿಲ್ಲದ ಅಜ್ಜಿಯೊಬ್ಬಳು ಮೇಜಿನ ಮೇಲೆ ಬಗ್ಗಿ ಬೆರಳಾಡಿಸಿ ಹುಡುಕಿದಳು. ಸಿಕ್ಕಿತು. ಅದರ ನಟ್ಟನಡುವೆ ಒಂದು ಬಿರುಕು ಹಾದುಹೋಗಿತ್ತು. ಅಜ್ಜಿ ಬೆರಳನ್ನು ಅದರ ಮೇಲೇ ಇಟ್ಟು ನಿಂತಳು.

ಅದನ್ನು ನೋಡಿಯೇ ಬಣ್ಣದ ಮೇಡಂ ತಲೆ ಕೆಟ್ಟಿದ್ದು. ಓದಿದವರಿಗೆ ಕೋಪ ಬಂದರೆ ಮೊದಲು ಕಾಣುವುದು ಎದುರಿಗೆ ನಿಂತವನು ಎಷ್ಟು ಓದಿದ್ದಾನೆ ಅನ್ನುವುದು. ಕೈಗೆ ಸಿಕ್ಕ ಕಲ್ಲು ಅದೇ, ಅದನ್ನೇ ಎಸೆಯುತ್ತಾರೆ.

"ಮುಗೀತಾ ಮೇಡಂ?" ಗಾಜಿನವನು ಕೇಳಿದ. ಎರಡು ಬೀದಿ ಆಚೆ ಸೋದರಮಾವನ ಗಾಜಿನಂಗಡಿಯಲ್ಲಿ ಹನ್ನೆರಡು ವರ್ಷದಿಂದ ಗಾಜು ಕೊಯ್ಯುವವನು. "ಇನ್ನೂ ಇದ್ರೆ ಹೇಳಿಬಿಡಿ. ಜನ ಬಿಡುವು ಮಾಡ್ಕೊಂಡು ಬಂದಿದ್ದಾರೆ."

"ನಿನ್ನೆ ಸಂಜೆ ಇದು ಇಡಿಯಾಗಿತ್ತು! ಕೊನೆಗೆ ಬೀಗ ಹಾಕಿದ್ದು ನೀನು!"

"ನೀನು!" ಅವನು ನಕ್ಕ. ಆ ನಗುವಿನಲ್ಲಿ ಬೆಂಕಿಯಿತ್ತು. "ನಿನ್ನೆವರೆಗೂ 'ನೀವು' ಅಂತಿದ್ರಿ. ಗಾಜಿನ ಜೊತೆ ಮರ್ಯಾದೇನೂ ಒಡೀತು ನೋಡಿ. ಇದು ಯಾಕೆ ಸಿಡೀತು ಅಂತ ನಾನು ಹೇಳಲ್ಲ. ಓದ್ಕೊಂಡಿದ್ದೀರಲ್ಲ, ಓದಿ ತಿಳ್ಕೊಳ್ಳಿ!"

ಕೀಲಿಕೈಯನ್ನು ಮೇಜಿನ ಮೇಲೆ ಬಿಸಾಡಿ ಹೊರಟುಹೋದ. ಯಾರ ಮಾತನ್ನೂ ಬಾಕಿ ಉಳಿಸಿಕೊಳ್ಳುವ ಜಾಯಮಾನವಲ್ಲ ಅವನದು. ಅವನ ನಾಲಿಗೆ ಅವನು ಗಾಜು ಕೊಯ್ಯುವ ಕಟ್ಟರ್‌ಗಿಂತ ಚೂಪು ಎಂದು ಬೀದಿಗೆಲ್ಲ ಗೊತ್ತು.

*

ಆ ಕಟ್ಟರ್‌ನಿಂದಲೇ ಅವರಿಬ್ಬರ ಪರಿಚಯವಾಗಿದ್ದು.

ಮೂರು ತಿಂಗಳ ಹಿಂದೆ ಅವಳು ಅಂಗಡಿಗೆ ಬಂದಾಗ ಹಲಗೆಯ ಮೇಲೆ ಅದು ಬಿದ್ದಿತ್ತು. ಮರದ ಹಿಡಿ, ತುದಿಯಲ್ಲಿ ಸಾಸಿವೆಯಷ್ಟು ಚಕ್ರ, ಹಿಡಿಯ ಮೇಲೆ ಹೆಬ್ಬೆರಳು ಕೂತು ಕೂತು ಆದ ಹಳ್ಳ. ಒಂದು ಗೆರೆ ಎಳೆದು ನೋಡೋಣ ಎಂದು ಕೈಗೆತ್ತಿಕೊಂಡಿದ್ದೇ ತಡ...

"ಇಡಿ ಕೆಳಗೆ! ಅದನ್ನ ಮುಟ್ಟಬೇಡಿ!"

"ಅಯ್ಯೋ! ಕಟ್ಟರ್ ತಾನೇ? ಕಚ್ಕೊಂಡು ಹೋಗ್ತೀನಾ?"

"ಒಬ್ಬರ ಕೈಗೆ ಒಗ್ಗಿದ ಚಕ್ರ ಇನ್ನೊಬ್ಬರ ಕೈಗೆ ಹೋದ್ರೆ ದಾರಿ ತಪ್ಪುತ್ತೆ. ಆಮೇಲೆ ಎಲ್ಲಿ ಎಳೆದರೂ ಸೊಟ್ಟ. ಬೇಕಾದ್ರೆ ಹೊಸದು ಕೊಡ್ತೀನಿ, ಇದನ್ನ ಕೊಡಲ್ಲ."

ಒಳಗಿನಿಂದ ಮಾವ ನಗುತ್ತಾ ಬಂದರು. "ನನಗೇ ಕೊಟ್ಟಿಲ್ಲಮ್ಮ ಇವನು! ನಾಳೆ ಹೆಂಡತಿ ಬಂದ್ರೆ ಅವಳಿಗಾದ್ರೂ ಕೊಡ್ತಾನೋ ಇಲ್ವೋ!"

ಅವನ ಕಿವಿ ಕೆಂಪಾಗಿತ್ತು. ಅವಳು ಅದನ್ನು ನೋಡಿಯೂ ನೋಡದವಳಂತೆ ಹೊರಬಂದಿದ್ದಳು.

ಅವನು ಕಿಟಕಿಯ ಕೆಲಸಕ್ಕೆ ಒಪ್ಪಿದ ಮೇಲೆ ಇಬ್ಬರೂ ಒಂದು ತಳ್ಳುಗಾಡಿ ಹಿಡಿದು ಮನೆ ಮನೆ ಸುತ್ತಿದರು. ಪ್ರತಿ ತುಂಡಿಗೂ ಅವಳು ಚೀಟಿ ಅಂಟಿಸುತ್ತಿದ್ದಳು, ಅವನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದ. ಅವಳ ಬೆರಳಿಗೆ ಚೂರು ಚುಚ್ಚಿದಾಗ ಬೈಯುತ್ತಲೇ ಪಟ್ಟಿ ಕಟ್ಟಿದ್ದ. "ಕಣ್ಣು ಎಲ್ಲಿಟ್ಟಿದ್ರಿ? ಗಾಜು ಏನು ಹೂವಾ?" ಅವನ ಬೈಗುಳ ಕೇಳದ ದಿನ ಅವಳಿಗೆ ಏನೋ ಖಾಲಿ ಖಾಲಿ... ಅದಕ್ಕೆ ಏನು ಹೆಸರು ಅಂತ ಅವಳು ತನ್ನನ್ನು ತಾನೇ ಕೇಳಿಕೊಳ್ಳಲು ಹೆದರಿದ್ದಳು.

*

ಮರುದಿನ ಬೆಳಗ್ಗೆ ಓದುವ ಕೋಣೆಯಲ್ಲಿ ಅವಳೊಬ್ಬಳೇ ಕೂತಿದ್ದಳು. ಬಾಗಿಲು ಮುಚ್ಚಿತ್ತು. ಗಾಳಿಯೂ ಇರಲಿಲ್ಲ.

ಟಿಕ್.

ಅವಳು ಬೆಚ್ಚಿದಳು. ಅವಳ ಕಣ್ಣೆದುರೇ, ಯಾರೂ ಮುಟ್ಟದೆ, ಕಂದು ಬಾಟಲಿಯೂ ಹಸಿರು ಗಾಜೂ ಕೂಡಿದ ಜಾಗದಲ್ಲಿ ಕೂದಲೆಳೆಯಂಥ ಗೆರೆಯೊಂದು ಮೂಡಿ ಮೆಲ್ಲನೆ ಮುಂದಕ್ಕೆ ಹರಿಯಿತು.

ನಾಲ್ಕನೇ ಬಿರುಕು!

ಕುಲುಮೆ ಹಚ್ಚುವ ದಿನ ಅವನು ಹೇಳಿದ್ದ ಮಾತು ನೆನಪಾಯಿತು. "ಬೇಡ ಮೇಡಂ. ಬಾಟಲಿ ಗಾಜು ಬೇರೆ, ಕನ್ನಡಕದ ಗಾಜು ಬೇರೆ. ಬಿಸಿಯಲ್ಲಿ ಎಲ್ಲಾ ತಬ್ಕೊಳ್ತವೆ. ತಣ್ಣಗಾಗುವಾಗ ಒಂದೊಂದು ಒಂದೊಂದು ಥರ ಮುದುಡ್ತವೆ. ಇವತ್ತಲ್ಲ ನಾಳೆ ಸಿಡೀತವೆ."

ಅವಳೇನು ಮಾಡಿದ್ದಳು? ನಕ್ಕಿದ್ದಳು! ಮೊದಲೇ ಎರಡು ಸಣ್ಣ ತುಂಡು ಕರಗಿಸಿ ನೋಡಿದ್ದಳು, ಅವು ಸಿಡಿಯದೆ ಗಟ್ಟಿಯಾಗಿ ಕೂಡಿದ್ದವು. ಕಾಲೇಜಿನಲ್ಲಿ ಅವಳ ಕೈಗೆ ಬಂದದ್ದೆಲ್ಲ ಒಂದೇ ಜಾತಿಯ ಗಾಜು, ಅಂಗಡಿಯಿಂದ ಅಳೆದು ತಂದದ್ದು. ಮನೆ ಮನೆಯ ಗಾಜನ್ನು ಅಲ್ಲಿ ಯಾರೂ ಕಲಿಸಿರಲಿಲ್ಲ.

'ಅವನು ಮುಟ್ಟಿಯೇ ಇರಲಿಲ್ಲ... ನಾನು ಏನು ಮಾಡಿಬಿಟ್ಟೆ!'

*

ಅಂಗಡಿಯಲ್ಲಿ ಅವನು ಗಾಜಿನ ಮೇಲೆ ಗೆರೆ ಎಳೆಯುತ್ತಿದ್ದ. ಸರ್ರ್... ಅವಳು ಬಂದದ್ದು ಗೊತ್ತಾದರೂ ತಲೆ ಎತ್ತಲಿಲ್ಲ.

"ತಪ್ಪಾಯ್ತು." ಅವಳು ಹಲಗೆಯ ಹತ್ತಿರ ಬಂದಳು. "ಗಾಜು ತಾನಾಗಿಯೇ ಸಿಡೀತಿದೆ. ನೀವು ಹೇಳಿದ್ದೇ ನಿಜ. ನನ್ನನ್ನ ಕ್ಷಮಿಸಿ."

ಗಾಜು ಟಪ್ಪೆಂದು ಎರಡಾಯಿತು, ನೀಟಾಗಿ.

"ಅಂಗಡಿಯಲ್ಲಿ ಯಾರ್ಯಾರು ಇದ್ದಾರೆ ಮೇಡಂ?"

"ಅಂದ್ರೆ?"

"ಎಣಿಸಿ ಹೇಳಿ. ನಾನು, ನೀವು. ಮಾವ ತಿಂಡಿಗೆ ಹೋಗಿದ್ದಾರೆ. ನಲವತ್ತು ಜನರ ಮುಂದೆ ಮುಖಕ್ಕೆ ಉಗಿದು, ಮೂಲೇಲಿ ಬಂದು ಒರೆಸ್ತೀರಾ?"

ಅವಳಿಗೆ ಚಾಟಿಯೇಟು ಬಿದ್ದಂತಾಯಿತು.

"ಇವತ್ತು ಬೆಳಗ್ಗೆ ಟೈಲರಮ್ಮ ಬಂದಿದ್ರು. ಹೊಸ ಕನ್ನಡಿ ಬೇಕಿತ್ತು. ನನ್ನ ಕೈಗೆ ಅಳತೆ ಚೀಟಿ ಕೊಡೋಕೆ ಹಿಂದುಮುಂದು ನೋಡಿದ್ರು! ಹನ್ನೆರಡು ವರ್ಷದಲ್ಲಿ ಮೊದಲ ಸಲ. 'ಒಡೆಯಲ್ಲ ತಾನೇಪ್ಪಾ?' ಅಂದ್ರು." ಅವನು ಕೊಯ್ದ ಗಾಜನ್ನು ಪಕ್ಕಕ್ಕಿಟ್ಟ. "ಓದು ಇಲ್ಲದವನಿಗೆ ಇರೋದು ಕೈ ಒಂದೇ ಮೇಡಂ. ನೀವು ಅದನ್ನೇ ಕಡಿದ್ರಿ."

ಅವಳು ಬಂದ ದಾರಿಯಲ್ಲೇ ಮರಳಿದಳು.

ಆದರೆ ಮಧ್ಯಾಹ್ನ ಓದುವ ಕೋಣೆಯ ಬಾಗಿಲು ದಢಾರನೆ ತೆರೆಯಿತು! ಅವನೇ. ಹೆಗಲ ಮೇಲೆ ಚೀಲ, ಕಂಕುಳಲ್ಲಿ ಗಾಜು ಕೂಡಿಸುವ ಸೀಸದ ಪಟ್ಟಿಗಳ ಸುರುಳಿ.

"ನಿಮಗೋಸ್ಕರ ಬಂದಿಲ್ಲ," ಎಂದ ಒಳಗೆ ಬರುವ ಮೊದಲೇ. "ಅಜ್ಜಿ ಕನ್ನಡಕಕ್ಕೋಸ್ಕರ."

"ನಾನು ಕೇಳಲೇ ಇಲ್ಲವಲ್ಲ!"

"ಕೇಳೋ ಮೊದಲೇ ಹೇಳ್ತಿದ್ದೀನಿ."

*

ಏಳು ದಿನ. ಮೇಜಿನ ಈ ಕಡೆ ಅವಳು, ಆ ಕಡೆ ಅವನು. ಅಂಟಿಕೊಂಡಿದ್ದನ್ನು ಒಂದೊಂದಾಗಿ ಕೊಯ್ದು ಬಿಡಿಸಬೇಕು, ಅಂಚು ಉಜ್ಜಬೇಕು, ಪ್ರತಿ ತುಂಡಿನ ಸುತ್ತ ಸೀಸದ ಪಟ್ಟಿ ಹಾಕಿ ಕೂಡಿಸಬೇಕು, ಮೂಲೆಗಳಿಗೆ ಬೆಸುಗೆ. ಕೋಣೆಯಲ್ಲಿ ಮಾತಿಗಿಂತ ಸುತ್ತಿಗೆಯ ಸದ್ದೇ ಹೆಚ್ಚು.

"ಅದನ್ನ ಹಾಗೆ ಹಿಡೀಬೇಡಿ."

"ಹೇಗೆ ಹಿಡೀಬೇಕು ಅಂತ ನನಗೂ ಗೊತ್ತು!"

"ಗೊತ್ತಿತ್ತು ಅಂತಲೇ ಈ ಗತಿ ಬಂದಿರೋದು."

ಮೂರನೇ ದಿನ ಅವಳ ಸಹನೆಯ ಕಟ್ಟೆ ಒಡೆಯಿತು. "ಎಷ್ಟು ಸಲ ಚುಚ್ತೀರಿ? ಅಷ್ಟು ಗೊತ್ತಿದ್ದವರು ಅವತ್ತೇ ಕುಲುಮೆಗೆ ಅಡ್ಡ ನಿಲ್ಲಬೇಕಿತ್ತು! ಗಟ್ಟಿಯಾಗಿ ಹೇಳಬೇಕಿತ್ತು!"

"ಮೂರು ಸಲ ಹೇಳಿದೆ. ಮೂರು ಸಲಾನೂ ನಕ್ಕಿರಿ!" ಅವನು ಸುತ್ತಿಗೆ ಇಟ್ಟ. "ಹನ್ನೆರಡನೇ ವಯಸ್ಸಲ್ಲಿ ಈ ಲೈಬ್ರರಿಗೆ ಕಾರ್ಡ್ ಕೇಳೋಕೆ ಬಂದಿದ್ದೆ. ಯಾವ ಶಾಲೆ ಅಂದ್ರು. ಬಿಟ್ಟಿದ್ದೀನಿ ಅಂದೆ. ಅಲ್ಲಿ ಕೂತಿದ್ದವರೂ ಹೀಗೇ ನಕ್ಕಿದ್ರು. ಆಮೇಲೆ ಈ ಕಟ್ಟಡದೊಳಗೆ ಕಾಲಿಟ್ಟಿದ್ದು ಒಡೆದ ಕಿಟಕಿಗೆ ಗಾಜು ಹಾಕೋಕೆ ಮಾತ್ರ. ಬೆಳಕು ನಾನು ಹಾಕ್ತೀನಿ, ಓದೋರು ಬೇರೆಯವರು! ನಿಮ್ಮ ಜೊತೆ ತಳ್ಳುಗಾಡಿ ತಳ್ಳುವಾಗ ಅಂದ್ಕೊಂಡೆ... ಈ ಒಂದು ಕಿಟಕಿ ನನ್ನದೂ ಅಂತ."

ಅವನು ಮುಖ ತಿರುಗಿಸಿದ. ಅವಳ ಕಣ್ಣು ತುಂಬಿ ಗಾಜೆಲ್ಲ ಕಲಸಿಹೋಯಿತು.

ಐದನೇ ದಿನ ಅಜ್ಜಿಯ ಕನ್ನಡಕದ ಸರದಿ. ಎರಡು ಹೋಳು. ಅವನು ಅದನ್ನೇ ನೋಡುತ್ತಾ ಕೂತ. "ಇದಕ್ಕೇನು ಮಾಡೋದು?" ಎಂದ, ಮೊದಲ ಸಲ ಕೋಪವಿಲ್ಲದ ದನಿಯಲ್ಲಿ.

"ಬಿರುಕು ಎಲ್ಲಿದೆಯೋ ಅಲ್ಲೇ ಸೀಸ ಹಾಕೋಣ," ಅವಳು ಮೆಲ್ಲಗೆ ಹೇಳಿದಳು. "ಮುಚ್ಚಿಡೋದು ಬೇಡ. ಒಡೆದಿತ್ತು ಅಂತ ಎಲ್ಲರಿಗೂ ಕಾಣಲಿ."

ಅವನು ತಲೆ ಎತ್ತಿ ಅವಳನ್ನು ನೋಡಿದ. ಆಮೇಲೆ ತೆಳ್ಳನೆಯ ಪಟ್ಟಿಯೊಂದನ್ನು ಎಳೆದುಕೊಂಡ.

"ಕೂಡೋಕೆ ಕರಗಲೇಬೇಕು ಅಂತ ನಿಮಗೆ ಯಾರು ಹೇಳಿದ್ರೋ," ಎಂದು ಗೊಣಗಿದ. "ನಡುವೆ ಒಂದು ಗೆರೆ ಬಿಟ್ರೆ ಎರಡೂ ನಿಲ್ತವೆ."

ಅವಳು ಕತ್ತೆತ್ತಿ ನೋಡಿದಳು. ಅವನು ಗಾಜಿನ ವಿಷಯವೇ ಹೇಳಿದ್ದು. ಅಲ್ಲವೇ?

*

ಉದ್ಘಾಟನೆಯ ದಿನ ಹತ್ತು ಗಂಟೆಯ ಬಿಸಿಲು ಕಿಟಕಿಯಿಂದ ಇಳಿದು ಓದುವ ಮೇಜುಗಳ ಮೇಲೆ ಕಂದು, ಹಸಿರು, ನೀಲಿ ಚೆಲ್ಲಿತ್ತು. ಅದೇ ಜನ. ಮಾವ, ಟೈಲರಮ್ಮ, ಎಲ್ಲರೂ. ಅಜ್ಜಿ ಮುಂದಿನ ಕುರ್ಚಿಯಲ್ಲಿ ಕೂತು ತನ್ನ ಯಜಮಾನರ ಗಾಜನ್ನೇ ನೋಡುತ್ತಿದ್ದಳು. ಅವನು ಮಾತ್ರ ಕೊನೆಯಲ್ಲಿ, ಬಾಗಿಲಿಗೆ ಆತು ನಿಂತಿದ್ದ. ಒಂದು ಕಾಲು ಆಗಲೇ ಹೊರಗೆ.

"ನಮ್ಮ ಬಣ್ಣದ ಮೇಡಂ ಪ್ರತಿಭೆಯಿಂದ..." ಲೈಬ್ರರಿಯ ಸಾಹೇಬರು ಶುರುಮಾಡಿದರು.

"ಸಾರ್, ನಿಲ್ಲಿಸಿ."

ಅವಳು ಎದ್ದು ನಿಂತಳು.

"ಇದೇ ಕೋಣೆಯಲ್ಲಿ, ನಿಮ್ಮೆಲ್ಲರ ಎದುರು ನಾನೊಂದು ಮಾತು ಆಡಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಅಂತ. ಗಾಜು ಅವನಿಂದ ಒಡೀತು ಅಂತ. ಎರಡನೆಯದು ಸುಳ್ಳು! ಒಡೆದದ್ದು ನಾನು. ಕರಗಿಸಬೇಡಿ ಅಂತ ಅವರು ಮೂರು ಸಲ ಹೇಳಿದ್ರು. ಓದಿದ ಕೊಬ್ಬಿಗೆ ನಾನು ಕೇಳಲಿಲ್ಲ. ಈ ಕಿಟಕಿಯ ಒಂದೊಂದು ಗೆರೆಯೂ ಅವರ ಕೈಯದು. ಅಜ್ಜೀ, ನಿಮ್ಮ ಕನ್ನಡಕ ಒಡೆದವಳು ನಾನು, ಕೂಡಿಸಿದವರು ಅವರು. ಟೈಲರಮ್ಮಾ, ನಿಮ್ಮ ಕನ್ನಡಿ ಧೈರ್ಯವಾಗಿ ಅವರಿಗೇ ಕೊಡಿ." ಅವಳು ಸಾಹೇಬರತ್ತ ತಿರುಗಿದಳು. "ಸಾರ್, ಇವತ್ತು ಕೊಡೋ ಮೊದಲ ಕಾರ್ಡ್ ಅವರದ್ದಾಗಬೇಕು. ಯಾವ ಶಾಲೆ ಅಂತ ಕೇಳಬಾರದು!"

ಮೊದಲು ಟೈಲರಮ್ಮ ಚಪ್ಪಾಳೆ ತಟ್ಟಿದಳು. ಆಮೇಲೆ ಎಲ್ಲರೂ.

ಅವಳು ಜನರ ನಡುವೆ ದಾರಿ ಮಾಡಿಕೊಂಡು ಬಾಗಿಲ ಬಳಿ ಬಂದಳು. ಅವನ ಮುಖ ಕಲ್ಲಾಗಿತ್ತು.

"ಈಗ ಎಣಿಸಿ," ಎಂದಳು. "ಎಷ್ಟು ಜನ ಇದ್ದಾರೆ?"

ಅವನು ಹೊರಗಿದ್ದ ಕಾಲನ್ನು ಒಳಗೆಳೆದುಕೊಂಡ.

"ಇನ್ನೊಂದು ಮಾತು... ಇದು ನಿಮಗೊಬ್ಬರಿಗೇ." ಅವಳ ದನಿ ಇಳಿಯಿತು. "ನಿಮ್ಮ ಮೇಲೆ ನನಗೆ ಇನ್ನೂ ಕೋಪ ಇದೆ. ಏಳು ದಿನ ಅಷ್ಟು ಚುಚ್ಚಿದ್ರಿ. ಆದ್ರೆ ಬೈಸ್ಕೊಳ್ಳೋಕೆ, ಜಗಳ ಆಡೋಕೆ ನನಗೆ ಬೇರೆ ಯಾರೂ ಬೇಡ. ಜೀವನಪೂರ್ತಿ ನೀವೇ ಬೇಕು. ಕರಗಿ ಒಂದಾಗೋಣ ಅಂತಿಲ್ಲ. ನೀವು ನೀವಾಗಿರಿ, ನಾನು ನಾನಾಗಿರ್ತೀನಿ. ನಡುವೆ ಒಂದು ಗೆರೆ ಇರಲಿ... ಪಕ್ಕದಲ್ಲಿ ಮಾತ್ರ ಇರಿ."

ಅವನ ಕಣ್ಣಂಚು ಕೆಂಪಾಗಿತ್ತು. ತುಟಿ ಅಲುಗಿತು.

"ಏನಾದ್ರೂ ಹೇಳಿ! ಬೇಕಾದ್ರೆ ಬೈದುಬಿಡಿ!"

ಅವನು ಅಂಗಿಯ ಜೇಬಿಗೆ ಕೈ ಹಾಕಿದ. ಅವಳ ಬಲಗೈ ಹಿಡಿದೆಳೆದು, ಅಂಗೈಯಲ್ಲಿ ಏನೋ ಇಟ್ಟು, ಕೆಲಸದ ಗಾಯಕ್ಕೆ ಪಟ್ಟಿ ಸುತ್ತಿದ ಅವಳ ಬೆರಳುಗಳನ್ನು ಒಂದೊಂದಾಗಿ ಮಡಚಿದ. ಆಮೇಲೆ ಸರಕ್ಕನೆ ತಿರುಗಿ ಮೆಟ್ಟಿಲಿಳಿದ.

"ಏನಂದ್ನೇ ಅವನು?" ಅಜ್ಜಿ ಕುರ್ಚಿಯಿಂದಲೇ ಕೂಗಿದಳು. "ಬಾಯಿ ಬಡುಕ, ಏನಂದ?"

ಅವಳು ಮುಷ್ಟಿ ಬಿಡಿಸಿದಳು. ಮರದ ಹಿಡಿ, ಸಾಸಿವೆಯಷ್ಟು ಚಕ್ರ. ಹಿಡಿಯ ಮೇಲಿನ ಆ ಹಳ್ಳ ಇನ್ನೂ ಬೆಚ್ಚಗಿತ್ತು. ಅವಳ ಹೆಬ್ಬೆರಳು ತಾನಾಗಿಯೇ ಅದರಲ್ಲಿ ಹೋಗಿ ಕೂತಿತು.

ಅವಳ ಹಿಂದಿನಿಂದ ಇಣುಕಿದ ಮಾವನ ಬಾಯಿ ತೆರೆದಂತೇ ಉಳಿಯಿತು.

"ಏನೂ ಅನ್ನಲಿಲ್ಲ ಅಜ್ಜಿ..." ಎಂದಳು ಅವಳು, ಅಳುತ್ತಾ, ನಗುತ್ತಾ.

ಹೊರಗೆ ಅವನು ನಡೆದು ಹೋಗುತ್ತಿದ್ದ, ಬರಿಗೈಯಲ್ಲಿ. ಒಮ್ಮೆಯೂ ತಿರುಗಿ ನೋಡಲಿಲ್ಲ. ಅವನ ಕಿವಿ ಮಾತ್ರ ಕೆಂಪಾಗಿತ್ತು.