ಸೆಟಲ್ ಆದ ಹೆಸರು

ಮಧ್ಯಾಹ್ನ 3.40ಕ್ಕೆ ಠಾಣೆಗೆ ಫೋನ್ ಬಂತು. ಮುಖ್ಯರಸ್ತೆಯ ಇಂಟರ್‌ನೆಟ್ ಕಂಪನಿಯ ಶಾಖೆಯಲ್ಲಿ ಮ್ಯಾನೇಜರ್ ಸೇರಿ ನಾಲ್ವರು ಒಳಗಿರುವಾಗಲೇ ಯಾರೋ ಶಟರ್ ಎಳೆದು ಹೊರಗಿನಿಂದ ಬೀಗ ಜಡಿದಿದ್ದರು. ಇನ್ಸ್‌ಪೆಕ್ಟರಮ್ಮ ದಫೇದಾರನನ್ನು ಕರೆದುಕೊಂಡು ಹೋಗಿ ಬೀಗ ಒಡೆಸಿದರು, ಪಂಚನಾಮೆ ಮುಗಿಸಿದರು. ಎಫ್‌ಐಆರ್ ದಾಖಲಾಯಿತು.

ಯಾರ ಮೇಲೆ ಅನುಮಾನ ಎಂದರೆ, ತಕರಾರಿನವರು ದಿನಾ ಬರ್ತಾರೆ, ಯಾರಂತ ಹೇಳೋದು ಎಂದು ಮ್ಯಾನೇಜರ್ ಕೈಚೆಲ್ಲಿದ. ಬಾಯಿಬಿಟ್ಟವಳು ಕೌಂಟರಿನ ಹುಡುಗಿ.

“ಸೋಫಾ ಅಣ್ಣ ಇರ್ಬೇಕು ಮೇಡಂ. ಸೋಫಾ ರಿಪೇರಿಯವ್ರು.”

ಮನೆ ಬದಲಿಸುವಾಗ ಅವನು ಕಂಪನಿಯ ಇಂಟರ್‌ನೆಟ್ ಪೆಟ್ಟಿಗೆ ವಾಪಸು ಕೊಟ್ಟು ಸಂಪರ್ಕ ಕಡಿಸಿದ್ದನಂತೆ. ಬಿಲ್ಲು ಮಾತ್ರ ಬೆಳೆಯುತ್ತಲೇ ಹೋಗಿ, ಸುಸ್ತಿದಾರನೆಂದು ಅವನ ಹೆಸರು ಬ್ಯಾಂಕಿನವರು ನೋಡುವ ಸಾಲದ ದಾಖಲೆ ಸೇರಿತು. ಶಾಖೆಯವರು ಹೆಡ್ ಆಫೀಸಿನತ್ತ, ಅವರು ಶಾಖೆಯತ್ತ ಕೈ ತೋರಿಸಿದರು. ಅಲೆದಲೆದು ಚಪ್ಪಲಿ ಸವೆದ ಮೇಲೆ ಯಾರೋ, ಅರ್ಧ ಕಟ್ಟಿ ಸೆಟಲ್ ಮಾಡ್ಕೊಳ್ಳಿ ಎಂದರು. ಪೀಡೆ ತೊಲಗಲಿ ಎಂದು ಕಟ್ಟಿದ.

“ಸೆಟಲ್ ಆದ್ರೆ ಒಳ್ಳೇದಲ್ವೇನಮ್ಮ?” ಎಂದ ದಫೇದಾರ. “ನಮ್ಮ ಅಳಿಯ ಸೆಟಲ್ ಆದ ಅಂತ ನಾನು ಊರಿಗೆಲ್ಲ ಹೇಳ್ಕೊಂಡ್ ಬಂದೆ.”

“ದಾಖಲೆಲಿ ಹಂಗಲ್ಲ ಸಾರ್. ಬಾಕಿ ಒಪ್ಕೊಂಡ, ಪೂರ್ತಿ ಕಟ್ಟೋಕೆ ಕೈಲಾಗ್ಲಿಲ್ಲ ಅಂತ ಅರ್ಥ. ಇವ್ರು ಬ್ಯಾಂಕಿಗೆ ಹೋಗಿ ಸೆಟಲ್ ಆಗಿದೆ ಅಂತ ತಾವೇ ಹೇಳ್ಕೊಂಡ್ರಂತೆ. ಸಾಲ ಸಿಗ್ಲಿಲ್ಲ. ಇವತ್ತು ಬಂದು, ಅದನ್ನ ಅಳಿಸೋರು ಯಾರು ಅಂದ್ರು. ಇಲ್ಲಿಂದ ಆಗಲ್ಲ ಅಂದೆ. ಹಾಗಾದ್ರೆ ನೀವೂ ಇಲ್ಲಿಂದ ಹೋಗೋದು ಬೇಡ ಅಂದ್ರು.”

“ಸಾಲ ಯಾತಕ್ಕಂತೆ?”

“ಕೇಳ್ಲಿಲ್ಲ ಮೇಡಂ.”

5.50. ಗಲ್ಲಿಯ ಕೊನೆಯ ಮನೆ. ಬುಡಮೇಲು ಮಾಡಿದ ಸೋಫಾದ ಪಕ್ಕದಲ್ಲಿ ಅವನು ಕೈಕಟ್ಟಿ ಕೂತಿದ್ದ, ಇವರಿಗೇ ಕಾಯುತ್ತಿದ್ದವನ ಹಾಗೆ.

“ಬೀಗ ನಿಂದೇನಾ?”

“ನಂದೇ.”

“ಸಾಲ ಯಾತಕ್ಕೆ ಬೇಕಿತ್ತು?” ಇನ್ಸ್‌ಪೆಕ್ಟರಮ್ಮ ಕೇಳಿದರು.

ಅವನು ದನಿ ತಗ್ಗಿಸಿದ. “ನಮ್ಮನೆಯವಳ ಕಣ್ಣಿನ ಆಪರೇಷನ್‌ಗೆ. ಈಗ ಬೇಡ. ತಡ ಆಯ್ತು, ಇನ್ನು ಮಾಡಿ ಉಪಯೋಗ ಇಲ್ಲ ಅಂದ್ರು ಡಾಕ್ಟ್ರು ಬೆಳಿಗ್ಗೆ. ಅವಳಿಗಿನ್ನೂ ಹೇಳಿಲ್ಲ.”

ಅಷ್ಟರಲ್ಲಿ ಹೆಂಡತಿ ಗೋಡೆ ಸವರಿಕೊಂಡು ಬಾಗಿಲಿಗೆ ಬಂದು, ಯಾರು ಬಂದಿರೋದು ಎಂದಳು.

“ಕಂಪ್ನಿಯವ್ರು ಕಣೇ. ಹೆಸರು ತೆಗೆಸ್ತಾರಂತೆ. ಹೋಗಿ ಸಹಿ ಹಾಕಿ ಬರ್ತೀನಿ.”

ಆಕೆಯ ಮುಖ ಅರಳಿತು. ಆಗಲೇ ಹೆಣ್ಣುದನಿ ಕೇಳಿಸಿದ್ದ ದಿಕ್ಕಿಗೆ ಕೈ ಮುಗಿದಳು. “ಕೊನೆಗೂ ಬಂದ್ರಲ್ಲ ತಾಯಿ. ಇನ್ನು ತಡ ಆಗಲ್ವಲ್ಲ?”

ದಫೇದಾರ ಕೈಕೋಳವನ್ನು ಸದ್ದಾಗದಂತೆ ಜೇಬಿಗಿಳಿಸಿದ.

“ಇಲ್ಲಮ್ಮ,” ಎಂದರು ಇನ್ಸ್‌ಪೆಕ್ಟರಮ್ಮ.

ಬಂಧನದ ವಿಷಯವನ್ನು ಮನೆಯವರಿಗೆ ತಿಳಿಸಬೇಕೆಂಬುದು ನಿಯಮ; ಯಾರಿಗೆ ತಿಳಿಸಲಾಯಿತು ಎಂದು ಬರೆಯಲು ಬಂಧನದ ಪತ್ರದಲ್ಲಿ ಒಂದು ಖಾಲಿ ಸಾಲು ಇರುತ್ತದೆ. ಆ ಒಂದು ಸಾಲನ್ನು ಅವರು ಜೀಪಿನಲ್ಲೂ ತುಂಬಲಿಲ್ಲ, ಠಾಣೆಗೆ ಬಂದ ಮೇಲೂ ತುಂಬಲಾಗಲಿಲ್ಲ.