ಪಾಳಿ ಯಾರದು?

“ಸಮ್ಮೇದ ನಿದ್ದ್ಯಾಗ ಏನರ ಬಡಬಡಸ್ಲಿ, ನೀ ನಗು, ನಾ ಬ್ಯಾಡ ಅನ್ನಾಂಗಿಲ್ಲ. ಆದ್ರ ‘ಪಾಳಿ ಯಾರದು’ ಅಂತ ಕೇಳಿದ್ರ ಮಾತ್ರ ತುಟಿ ಬಿಚ್ಚಬ್ಯಾಡ. ಈ ಮನ್ಯಾವ್ರ ಹೆಸರಂತೂ ಎತ್ತಲೇಬ್ಯಾಡ. ಅದ ಮಾಟದ ಮಾತು. ಮಾತ ಕೊಡವಾ ಮೇಘಾ.”

ಹೊಸ ಸೊಸೆಯ ತಲೆಗೆ ಎಣ್ಣೆ ತಿಕ್ಕುತ್ತಿದ್ದ ಮಂಗಲಳ ಬೆರಳುಗಳು ಈ ಮಾತಿನ ಹೊತ್ತಿಗೆ ನಿಂತುಬಿಟ್ಟಿದ್ದವು. ಮೇಘಾ ಪಕ್ಕನೆ ನಕ್ಕಳು. ನಗದೆ ಏನು ಮಾಡಿಯಾಳು? ಡಿ.ಫಾರ್ಮಾ ಕಲಿತವಳು. ಮದುವೆಯಾಗುವವರೆಗೂ ನಿಪ್ಪಾಣಿಯಲ್ಲಿ ಸೋದರಮಾವನ ಔಷಧಿ ಅಂಗಡಿಯಲ್ಲಿ ಕೂತು, ನಿದ್ದೆ ಬಾರದವರನ್ನೂ ನಿದ್ದೆ ಬಿಡದವರನ್ನೂ ಸಾಲುಸಾಲಾಗಿ ಕಂಡವಳು. ದಿಗ್ಗೇವಾಡಿಯ ಈ ಮನೆಗೆ ಕಾಲಿಟ್ಟು ಎರಡು ಅಮಾವಾಸ್ಯೆಯೂ ಕಳೆದಿರಲಿಲ್ಲ.

“ಅತ್ತೀ, ನಿದ್ದ್ಯಾಗ ಮಾತಾಡೂದಕ್ಕ ಮಾಟ ಯಾಕ ಬೇಕ್ರಿ? ರಾತ್ರಿಯೆಲ್ಲಾ ಕಬ್ಬಿಗೆ ನೀರ ಹಾಯಸ್ತಾರ, ಹಗಲಿ ಅರ್ಧಾಮರ್ಧಾ ಮಲಗ್ತಾರ. ತಲಿ ಕಾಯದ ಏನ ಮಾಡೀತು?”

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಹೊಳೆದಂಡೆಯ ಊರುಗಳಲ್ಲಿ ಪಂಪಿನ ಕರೆಂಟು ಬರುವುದೇ ಊರು ಮಲಗಿದ ಮೇಲೆ. ನಾಲ್ಕಾರು ಮನೆಯವರು ಸೇರಿ ಹೊಳೆಗೆ ಒಂದು ಪಂಪು ಕೂಡಿಸಿಕೊಂಡಿರುತ್ತಾರೆ, ನೀರಿಗೆ ಪಾಳಿ. ಇವತ್ತು ಇವರದು, ನಾಳೆ ಅವರದು. ಪಾಳಿ ಬಂದವನಿಗೆ ರಾತ್ರಿಯೇ ಹಗಲು, ಹಗಲೇ ರಾತ್ರಿ. ಸಮ್ಮೇದನೂ ಬೆಳಕು ಹರಿದ ಮೇಲೆ ಕೆಸರುಗಾಲಲ್ಲಿ ಬಂದು, ಉಂಡು, ನಡುಮನೆಯಲ್ಲಿ ಬಿದ್ದುಕೊಳ್ಳುತ್ತಿದ್ದ.

ಮಂಗಲ ನಗಲಿಲ್ಲ. ಧ್ವನಿ ತಗ್ಗಿಸಿ ಹೇಳಿದಳು. “ನಮ್ಮ ಮಾವನವ್ರ ಕಾಲಕ್ಕ ಮಲಕಾರಿ ಅಂತ ನೀರ ಹಾಯ್ಸೂ ಆಳಿದ್ದ. ಅವನ ಅವ್ವ ಹೊಳೆವ್ವ, ಆಕಿಗೆ ಅಂವ ಒಬ್ಬನ ಮಗ. ಬ್ಯಾಸಗ್ಯಾಗ ಕಬ್ಬ ಒಣಗಾಕತ್ತಿತ್ತು. ದಿನಾ ರಾತ್ರಿ ಅವನ್ನ ನೀರಿಗೆ ನಿಲ್ಲಿಸಿದ್ರು, ಹಗಲಿ ಕಣ್ಣ ಮುಚ್ಚಿದ್ರ ಎಬ್ಬಿಸಿ ಮತ್ತ ಹೊಳಿಗೆ ಕಳಿಸಿದ್ರು. ‘ಇವತ್ತರ ನನ್ನ ಪಾಳಿ ಬ್ಯಾರೇದವ್ರಿಗೆ ಕೊಡ್ರಿ ಸಾವ್ಕಾರ್ರ’ ಅಂತ ಕೈ ಮುಗದನಂತ. ಬೈದು ಕಳಿಸಿದ್ರು. ಪೈಪಿನ ಬಾಯಿಗೆ ಸಿಕ್ಕ ಕಸಾ ತಗ್ಯಾಕ ಮಡುವಿಗೆ ಇಳದಾಂವ ನಿಂತಲ್ಲೇ ನಿದ್ದಿ ಹೋದ. ಮ್ಯಾಲ ಬರಲಿಲ್ಲ.”

“ಆಮ್ಯಾಲ?”

“ಹೊಳೆವ್ವ ಆಚಿ ದಂಡಿ ಮಂತ್ರವಾದಿ ಕಡೆ ಹೋದ್ಲು. ಮಗನ ಒದ್ದಿ ಧೋತರದ ಚೂರು, ಅಂವ ಮಲಗತಿದ್ದ ಹುಲ್ಲು ಸೇರಿಸಿ ಗೊಂಬಿ ಕಟ್ಟಿಸಿ, ಈ ನಡುಮನ್ಯಾಗ ಹುಗಿಸಿದ್ಲಂತ. ನೆಲಾ ಅಗಿಸಿದ್ವಿ, ಸಿಗಲಿಲ್ಲ. ‘ನನ್ನ ಮಗನ್ನ ನೀವು ಕಳಿಸಿದ್ರಿ. ಇನ್ನ ನಿಮ್ಮವರನ್ನ ನೀವ ಕಳಸ್ರಿ’ ಅಂತ ಹೊಸ್ತಲಕ್ಕ ಮಣ್ಣ ತೂರಿ ಹೋದ್ಲು. ಸಮ್ಮೇದನ ಅಪ್ಪಾರು ಹೊಳಿಗೆ ಹಂಗ ನಡಕೋತ ಹೋದ್ರು. ನಿದ್ದ್ಯಾಗ ‘ಪಾಳಿ ಯಾರದು’ ಅಂದ್ರು. ಹೊಸಾ ಆಳು ಒಬ್ಬ ಚ್ಯಾಷ್ಟಿಗೆ ‘ಸಾವ್ಕಾರ್ದ’ ಅಂದ.”

ಮೇಘಾಳಿಗೆ ಅತ್ತೆಯ ಮೇಲೆ ಕನಿಕರ ಬಂತು. ಗಂಡ ಹೊಳೆಗೆ ಬಿದ್ದು ಸತ್ತ ದುಃಖಕ್ಕೆ ಪಾಪ ಇಂಥದೊಂದು ಕತೆ ಕಟ್ಟಿಕೊಂಡಿದ್ದಾಳೆ ಎಂದುಕೊಂಡಳು. “ಆತ್ರಿ, ಮಾತ ಕೊಟ್ಟೆ” ಎಂದಳು, ಹಟಮಾರಿ ಕೂಸಿಗೆ ಚಂದಪ್ಪನನ್ನು ತಂದುಕೊಡುತ್ತೇನೆ ಎಂದ ಹಾಗೆ. ಮಂಗಲ ಅವಳ ನೆತ್ತಿಗೆ ಮುತ್ತಿಟ್ಟಳು. ಹೆಣ್ಣುಮಕ್ಕಳಿಲ್ಲದ ಆ ಜೀವ ಸೊಸೆಯನ್ನು ನಿಜಕ್ಕೂ ಹಚ್ಚಿಕೊಂಡಿತ್ತು, ಇದರಲ್ಲಿ ಸುಳ್ಳಿಲ್ಲ.

ಇನ್ನು ಸಮ್ಮೇದನ ನಿದ್ದೆಯ ಮಾತೋ, ದೇವರೇ! ಅದೊಂದು ನಾಟಕ. ಕಣ್ಣು ಮುಚ್ಚಿಕೊಂಡೇ ಡೇರಿಯವನ ಜೊತೆ ಜಗಳ: “ಲೇ, ನಮ್ಮೆಮ್ಮಿ ಹಾಲಿಗೆ ಇಷ್ಟ ಕಡಿಮಿ ಫ್ಯಾಟ್ ಬರತೈತಿ? ನಿನ್ನ ಮಷಿನ್ನಿಗೆ ಕಣ್ಣಿಲ್ಲೇನ?” ಒಮ್ಮೆ ಎದ್ದು ಹೋಗಿ ತನ್ನ ಚಾದರವನ್ನು ಎಮ್ಮೆಗೆ ಹೊದಿಸಿ, ಅದರ ಕಿವಿಯಲ್ಲಿ “ಥಂಡಿ ಐತಿ, ಹೊರಗ ಹೋಗಬ್ಯಾಡ” ಎಂದು ಬುದ್ಧಿ ಹೇಳಿ ಬಂದಿದ್ದ. ಎಚ್ಚರಾದ ಮೇಲೆ ಕೇಳಿದರೆ ಒಂದೂ ನೆನಪಿಲ್ಲ. ಮೇಘಾ ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿದು ನಿಪ್ಪಾಣಿಯ ತಂಗಿ ರೂಪಾಲಿಗೆ ಕಳಿಸುತ್ತಿದ್ದಳು. “ಅಕ್ಕಾ, ಭಾವುಜೀದು ಇನ್ನೊಂದು ಕಳಸ” ಎಂದು ಅವಳ ಬೇಡಿಕೆ ದಿನಾ ಇದ್ದದ್ದೇ.

ಹೀಗಿರಲು ವೈಶಾಖದ ಒಂದು ನಡುಮಧ್ಯಾಹ್ನ. ಹೊರಗೆ ನೆಲ ಕಾದು ಕಾವಲಿಯಾಗಿತ್ತು. ಮಂಗಲ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಝಳ ಬಾರದಿರಲೆಂದು ನಡುಮನೆಯ ಕಿಟಕಿ ಬಾಗಿಲು ಹಾಕಿದ್ದರು. ಒಳಗೆ ಕಣ್ಣಿಗೆ ಕೈ ಕಾಣದ ಕತ್ತಲೆ. ಮೂಲೆಯ ಚೀಲಗಳಿಂದ ಅರಿಶಿಣದ ಘಾಟು, ಹಂಡೆಯ ಬೆಲ್ಲದ ಸಿಹಿ ವಾಸನೆ. ಫ್ಯಾನು ಕಿರ್ರೆನ್ನುತ್ತಿತ್ತು. ಮೇಘಾ ಗಂಡನ ಪಕ್ಕದಲ್ಲಿ ಅಡ್ಡಾಗಿ ತಂಗಿಯ ಜೊತೆ ಮೆಸೇಜಿನಲ್ಲಿ ಹರಟುತ್ತಿದ್ದಳು.

ಫ್ಯಾನು ನಿಂತಿತು. ಕರೆಂಟು ಹೋಯಿತೆಂದುಕೊಂಡಳು.

ಅರಿಶಿಣದ ಘಾಟು ಎಲ್ಲಿ ಹೋಯಿತೋ! ಅದರ ಜಾಗದಲ್ಲಿ ಪಾಚಿಯ ವಾಸನೆ. ಬಹಳ ದಿನ ನೀರಲ್ಲಿ ನೆನೆದ ಹುಲ್ಲಿನ, ಕೊಳೆತ ಬಟ್ಟೆಯ ವಾಸನೆ. ಎಲ್ಲೋ ಹನಿ ತೊಟ್ಟಿಕ್ಕುವ ಸದ್ದು. ಸಮ್ಮೇದನ ಹಲ್ಲು ಕಟಕಟ ಕಡಿಯತೊಡಗಿತು. ಆ ಸೆಕೆಯಲ್ಲಿ!

“ಪಾಳಿ… ಯಾರದು?”

ದನಿ ಅವನದಾಗಿರಲಿಲ್ಲ. ಬಾಯಿ ತುಂಬ ನೀರು ಇಟ್ಟುಕೊಂಡು ಮಾತಾಡಿದಂತಿತ್ತು. ಮೇಘಾ ದಿಗ್ಗನೆ ಎದ್ದು ಕೂತಳು. ಮರುಗಳಿಗೆಗೆ ತನ್ನ ಹೆದರಿಕೆಗೆ ತಾನೇ ನಾಚಿದಳು. ಅತ್ತೆಯ ಕತೆ ಕೇಳಿ ಕೇಳಿ ನನಗೂ ತಲೆ ಕೆಟ್ಟಿತೇ? ರೂಪಾಲಿಗೆ ಇಂಥದು ಮತ್ತೆ ಸಿಗುವುದುಂಟೇ! ಮೊಬೈಲನ್ನು ಗಂಡನ ಬಾಯಿಯ ಹತ್ತಿರ ಹಿಡಿದಳು.

“ಇವತ್ತಿನ ಪಾಳಿ ಯಾರದು?”

ಹೊಸ ಮದುಮಗಳು ಗಂಡನ ಹೆಸರನ್ನು ಸುಮ್ಮನೆ ಹೇಳುವುದುಂಟೇ? ಒಡಪು ಕಟ್ಟಿಯೇ ಹೇಳಬೇಕು. ಮದುವೆಯಲ್ಲಿ ಬಾಗಿಲು ತಡೆದು ವರಸೆಯ ನಾದಿನಿಯರು ಹೇಳಿಸಿದ್ದ ಒಡಪು ಬಾಯಲ್ಲೇ ಇತ್ತು. ನಗು ತಡೆದುಕೊಂಡು, ರಾಗ ಎಳೆದು ಹೇಳಿದಳು:

“ಗಾಣದ ಮನ್ಯಾಗ ಬೆಲ್ಲದ ಪಾಕ ಅಂಟೈತಿ ಬೆರಳಿಗೆ,
ಸಮ್ಮೇದರಾಯರ ಹೆಸರ ಹೇಳತೇನಿ ಎಲ್ಲಾರ ಎದುರಿಗೆ!”

ಹನಿ ತೊಟ್ಟಿಕ್ಕುವುದು ನಿಂತಿತು. “ಆತು” ಎಂದಿತು ಆ ದನಿ, ನಿರಾಳವಾಗಿ.

ಸಮ್ಮೇದ ಎದ್ದ. ಮೊಬೈಲಿನ ಬೆಳಕಿಗೆ ಕಂಡ ಕಣ್ಣು ತೆರೆದಿದ್ದವು, ನೋಟವಿರಲಿಲ್ಲ. ಹಿತ್ತಿಲ ಬಾಗಿಲು ತೆಗೆದು ಬಿಸಿಲಿಗೆ ನಡೆದ. ಮತ್ತೆ ಎಮ್ಮೆಯ ಹತ್ತಿರ ಹೊರಟನೆಂದು ಮೇಘಾ ನಗುತ್ತಲೇ ಹಿಂದೆ ಹೋದಳು. ಅವನು ಕೊಟ್ಟಿಗೆ ದಾಟಿದ. ಬರಿಗಾಲಲ್ಲಿ ಕಬ್ಬಿನ ಗದ್ದೆಯ ಬದುವಿಗೆ ಇಳಿದ.

“ಏನ್ರೀ! ನಿಂದರ್ರಿ!”

ಓಡಿ ಹೋಗಿ ಕೈ ಹಿಡಿದಳು. ಹಿಡಿದವಳು ಚೀರಿ ಬಿಟ್ಟಳು. ಆ ಉರಿಬಿಸಿಲಲ್ಲಿ ಅವನ ಕೈ ಹಸಿಯಾಗಿತ್ತು, ತಣ್ಣಗೆ ಕೊರೆಯುತ್ತಿತ್ತು. ಉಗುರಿನ ಸಂದಿಯಿಂದ ನೀರು ಜಿನುಗುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಆಗ ಗೊತ್ತಾಯಿತು ಅವಳಿಗೆ ತಾನು ಏನು ಒಡೆದೆನೆಂದು.

“ಅತ್ತೀ! ಅತ್ತೀ, ಬರ್ರಿ! ಇವ್ರು ನಡದಾರ್ರಿ!”

ಚೀರಿಗೆ ಮಂಗಲ ಹಿತ್ತಿಲಿಗೆ ಓಡಿ ಬಂದಳು. ಒಂದೇ ಮಾತು ಕೇಳಿದಳು. “ಯಾರ ಹೆಸರ ಹೇಳಿದಿ?”

“ಇವ್ರದ… ಒಡಪಿನ್ಯಾಗ… ಚ್ಯಾಷ್ಟಿಗೆ ಅತ್ತೀ…”

ಮಂಗಲ ಬೈಯಲಿಲ್ಲ. ಸೀರೆಯ ನೆರಿಗೆ ಮೇಲೆತ್ತಿ ಓಡಿದಳು. ಮೇಘಾ ಅವಳನ್ನೂ ದಾಟಿ ಓಡಿದಳು. ಕಬ್ಬಿನ ಗರಿ ಮುಖ ಕೊಯ್ದವು. ಒಳಗೆ ಹಸಿರುಗತ್ತಲು. ಗಾಳಿಯಿಲ್ಲ. ಮುಂದೆ ಅವನ ಹೆಜ್ಜೆ. ಚಪ್. ಚಪ್. ಒಣ ನೆಲದಲ್ಲಿ ಕೆಸರು ತುಳಿದ ಸದ್ದು. ಅವನು ಓಡುತ್ತಿರಲಿಲ್ಲ. ಆದರೂ ಕೈಗೆ ಸಿಗುತ್ತಿರಲಿಲ್ಲ.

ಕಬ್ಬು ಮುಗಿಯಿತು. ಕೃಷ್ಣೆ ಕಂಡಳು. ಬೇಸಿಗೆಗೆ ಹೊಳೆ ಬತ್ತಿ ಮರಳು ತೋರಿದ್ದರೂ ಪಂಪಿನ ಬಾವಿಯ ಬುಡದಲ್ಲಿ ಮಡುವಿತ್ತು, ಕಪ್ಪಗೆ, ಅಲುಗದೆ. ಬಿಸಿಲಿಗೆ ದಂಡೆಯಲ್ಲಿ ನರಪಿಳ್ಳೆಯಿಲ್ಲ. ಸಮ್ಮೇದ ಆಗಲೇ ಸೊಂಟದುದ್ದ ನೀರಲ್ಲಿದ್ದ.

ಈಜು ಬಾರದ ಮೇಘಾ ಹಾಗೇ ಇಳಿದಳು. ಅವನ ಸೊಂಟಕ್ಕೆ ಎರಡೂ ಕೈ ಸುತ್ತಿದಳು. ಎಳೆದಳು. ಕೆನ್ನೆಗೆ ಹೊಡೆದಳು. ಕಚ್ಚಿದಳು. ಅವನು ಇನ್ನೊಂದು ಹೆಜ್ಜೆ ಇಟ್ಟ. ಅವಳ ಕಾಲ ಕೆಳಗಿನ ಕೆಸರು ಜಾರಿತು. ನೀರು ಎದೆಗೆ ಬಂತು.

“ನಂದು!” ಎಂದು ಕೂಗಿದಳು. “ಕೇಳ್ಯಾ? ಪಾಳಿ ನಂದು! ಇವ್ರನ್ನ ಬಿಡು! ನಾ ಬರತೇನಿ!”

ಸಮ್ಮೇದನ ಮುಖ ಮೆಲ್ಲಗೆ ಅವಳತ್ತ ತಿರುಗಿತು. ಬಾಯಿ ತೆರೆಯಿತು. ಒಳಗಿಂದ ನೀರು ಸುರಿಯಿತು. ಏನೂ ಒಪ್ಪಲಿಲ್ಲ ಅದು. ಮತ್ತೊಂದು ಹೆಜ್ಜೆ.

“ತನ್ನ ಹೆಸರ ತಾ ಹೇಳಿದ್ರ ನಡ್ಯಾಂಗಿಲ್ಲ ನನ್ನವ್ವಾ!” ದಂಡೆಗೆ ಬಂದು ಕುಸಿದ ಮಂಗಲ ಎದೆ ಹಿಡಿದುಕೊಂಡು ಒದರಿದಳು. “ನಾನೂ ಅವತ್ತ ಇಲ್ಲೇ ನಿಂತು ‘ನಂದು’ ಅಂತ ಒದರೇನಿ. ಕೇಳಲಿಲ್ಲ. ಒಬ್ಬರು ಇನ್ನೊಬ್ಬರನ್ನ ಕಳಸಬೇಕು, ಮನ್ಯಾವ್ರನ್ನ! ನನ್ನ ಕಳಸು! ನನ್ನ ಹೆಸರ ಹಿಡಿ!”

ಮೇಘಾ ಬಾಯಿ ತೆರೆದಳು. ಅತ್ತೆಯ ಹೆಸರು ನಾಲಗೆಯ ಮೇಲೆ ಬಂದು ಕೂತಿತು. ಮೂರಕ್ಷರ, ಅಷ್ಟೇ. ಬೆಳಿಗ್ಗೆ ತನ್ನ ತಲೆ ಬಾಚಿದ ಕೈ, ತನಗೆಂದು ತೆಗೆದಿಟ್ಟ ಹಾಲಿನ ಕೆನೆ, ನೆತ್ತಿಯ ಮೇಲಿನ ಮುತ್ತು.

“ಆಗೂದಿಲ್ಲ… ನನಗ ಆಗೂದಿಲ್ಲ ಅತ್ತೀ…”

“ಹೇಳಽ ಬೇ! ನನ್ನ ಮಗಾ ಹೋಗತಾನ!”

ನೀರು ಸಮ್ಮೇದನ ಗದ್ದಕ್ಕೆ ಬಂತು. ಮೇಘಾ ತುದಿಗಾಲಲ್ಲಿ ನಿಂತು ಅವನ ತಲೆಯನ್ನು ಎತ್ತಿ ಹಿಡಿದಿದ್ದಳು. ಅವಳಿಗೆ ತಾನು ಸಾಯುವುದಕ್ಕಿಂತ ಅವನು ಸಾಯುವುದರದೇ ಭಯ. ಆದರೂ ಆ ಹೆಸರು ಹೊರಬೀಳಲಿಲ್ಲ. ಒಂದು ಜೀವವನ್ನು ಬಾಯಿಯಿಂದ ನೂಕುವುದು ಸುಲಭವೇ? ಅವನ ತುಟಿ ನೀರಿನ ಅಂಚಿನಲ್ಲಿ ಅಲುಗಿತು. ಕೊನೆಯ ಸಲ ಎಂಬಂತೆ, ಬೇಡುವ ದನಿಯಲ್ಲಿ ಕೇಳಿತು.

“ಪಾಳಿ ಯಾರದು?”

ದಂಡೆಯಲ್ಲಿ ಮಂಗಲ ಎದ್ದು ನಿಂತಳು. ಅತ್ತೆ ಸೊಸೆಯರ ಕಣ್ಣು ಕೂಡಿದವು.

“ಅವತ್ತ ನನ್ನ ಅತ್ತೀ ಹೆಸರು ನನ್ನ ಬಾಯಿಗೂ ಬಂದಿತ್ತು ಮೇಘಾ,” ಎಂದಳು ಮಂಗಲ. ಈಗ ಅವಳು ಕೂಗುತ್ತಿರಲಿಲ್ಲ. “ನಿನ್ನಂಗ ನನಗೂ ಆಗಲಿಲ್ಲ. ಗಂಡನ್ನ ಕಳಕೊಂಡೆ. ಮಗನ್ನ ಕಳಕೊಳ್ಳಾಕ ಆಗೂದಿಲ್ಲವಾ. ನನ್ನ ಕ್ಷಮಾ ಮಾಡಬ್ಯಾಡ.”

“ಅತ್ತೀ…”

“ಮೇಘಾಂದು! ಇವತ್ತಿನ ಪಾಳಿ ನನ್ನ ಸೊಸಿ ಮೇಘಾಂದು!”

ಮಡುವು ಒಮ್ಮೆ ನಡುಗಿತು.

ಮೊದಲು ಬಂದದ್ದು ನಿದ್ದೆ. ಎಂಥ ನಿದ್ದೆ! ಎಷ್ಟೋ ರಾತ್ರಿ ಕಣ್ಣು ಮುಚ್ಚದವನ ನಿದ್ದೆಯೆಲ್ಲ ಒಟ್ಟಿಗೆ ಅವಳ ರೆಪ್ಪೆಯ ಮೇಲೆ ಬಿತ್ತು. ಗಂಡನನ್ನು ಹಿಡಿದ ಕೈ ತಾನಾಗಿ ಸಡಿಲಿತು. ಬೇಡ, ಬಿಡಬೇಡ ಎಂದು ಒಳಗೆ ಚೀರಿದಳು. ಕೈ ಕೇಳಲಿಲ್ಲ. ಕಾಲು ನಡೆಯಿತು. ಅವಳದೇ ಕಾಲು. ಬಾಯಿಯಲ್ಲಿ ಪಾಚಿಯ ರುಚಿ. ಕೆಳಗೆ ಯಾರೋ ದಣಿದವನು ಸರಿದು ಜಾಗ ಕೊಟ್ಟ.

ಹಿಂದೆ ಸಮ್ಮೇದ ಕೆಮ್ಮುವುದು ಕೇಳಿಸಿತು. ನೀರು ಕಾರುವುದು ಕೇಳಿಸಿತು. ಮಂಗಲ ಅವನ ರಟ್ಟೆ ಹಿಡಿದು ಮರಳಿಗೆ ಎಳೆದುಕೊಂಡು, ಅವನ ಮುಖವನ್ನು ತನ್ನ ಹೆಗಲಿಗೆ ಒತ್ತಿ ಹಿಡಿದಳು, ಹೊಳೆಯ ಕಡೆ ತಿರುಗದಂತೆ. ಅವಳ ಮೈಯೆಲ್ಲ ಅಳುತ್ತಿತ್ತು, ಬಾಯಿ ಮಾತ್ರ ಅಳಲಿಲ್ಲ.

“ಅವ್ವಾ… ನಾ ಇಲ್ಲಿ ಹ್ಯಾಂಗ ಬಂದೆ? ಮೇಘಾ ಎಲ್ಲಿ?”

ನೀರು ಕಿವಿಯ ಮೇಲೆ ಮುಚ್ಚಿಕೊಳ್ಳುವ ಮುಂಚೆ ಮೇಘಾಳಿಗೆ ಅತ್ತೆಯ ಉತ್ತರವೂ ಕೇಳಿಸಿತು.

“ಮನ್ಯಾಗ ಮಲಗ್ಯಾಳಪ್ಪಾ. ಎಬ್ಬಸಬ್ಯಾಡ.”