ಅರ್ಧ ಸುತ್ತು

ತಮ್ಮ ಸತ್ತದ್ದು ತಮ್ಮನದೇ ತಪ್ಪಿನಿಂದ ಎಂದು ಬರೆದು ವಿಚಾರಣೆಯವರು ಕೈ ತೊಳೆದುಕೊಂಡರು. ನಿಂತ ಗಾಡಿಯಲ್ಲಿ ಜನರೇಟರ್ ಹಾಕಿಕೊಂಡು ಮಲಗಿದ್ದ, ಹೊಗೆ ಕುಡಿದು ಸತ್ತ, ಅಷ್ಟೇ. ಆ ಜನರೇಟರಿನ ಹೊಗೆಕೊಳವೆ ಬಿರುಕು ಬಿಟ್ಟಿದೆ, ಗಾಡಿ ಹೊರಗೆ ಕಳಿಸಬೇಡಿ ಎಂದು ಅಣ್ಣ ಎರಡು ವಾರ ಮೊದಲೇ ತಪಾಸಣೆಯ ಪುಸ್ತಕದಲ್ಲಿ ಬರೆದಿದ್ದ. ವಿಚಾರಣೆಯ ದಿನ ಪುಸ್ತಕದಲ್ಲಿ ಆ ಹಾಳೆಯೇ ಇರಲಿಲ್ಲ. ಎದುರು ಕುರ್ಚಿಯಲ್ಲಿ ಕೂತ ಯಜಮಾನ ಕರವಸ್ತ್ರದಿಂದ ಕಣ್ಣೊರೆಸಿಕೊಂಡ. ಒರೆಸಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ.

ಯಜಮಾನ ಐದು ಮೋಟರ್‌ಹೋಮ್‌ಗಳನ್ನು ಬಾಡಿಗೆಗೆ ಬಿಡುತ್ತಿದ್ದ. ಮಂಚ, ಒಲೆ, ಬಚ್ಚಲು ಎಲ್ಲ ಒಳಗೇ ಇದ್ದ ಅವುಗಳಿಗೆ ಗ್ಯಾರೇಜಿನವರ ಬಾಯಲ್ಲಿ ಮನೆಗಾಡಿ ಎಂದೇ ಹೆಸರು. ತಮ್ಮ ಅವುಗಳ ಡ್ರೈವರ್, ಅಣ್ಣ ಮೆಕ್ಯಾನಿಕ್. ಸದ್ದು ಕೇಳಿಯೇ ಯಂತ್ರದ ರೋಗ ಹೇಳುತ್ತಿದ್ದುದರಿಂದ ಎಲ್ಲರೂ ಅವನನ್ನು ಕಿವಿ ಮೇಸ್ತ್ರಿ ಎನ್ನುತ್ತಿದ್ದರು.

"ದೇವರು ನೋಡ್ಕೋತಾನೆ ಬಿಡಿ, ಭಾವ," ಎಂದಳು ತಮ್ಮನ ಹೆಂಡತಿ, ಗಂಡನ ಅಂಗಿಗಳನ್ನು ಮಡಿಸಿಡುತ್ತ.

"ಆರು ತಿಂಗಳಿಂದ ನೋಡ್ತಾನೇ ಕೂತಿದಾನಲ್ಲಮ್ಮ. ನೋಡಿದ್ದು ಸಾಕು."

ದೇವರಿಗೆ ಕೈಮುಗಿಯುವುದನ್ನು ಮೇಸ್ತ್ರಿ ಬಿಡಲಿಲ್ಲ. ಕ್ಷಮಿಸು ಎಂದು ಕೇಳುವುದನ್ನು ಮಾತ್ರ ಬಿಟ್ಟ.

ಪ್ರತಿ ಶುಕ್ರವಾರ ಯಜಮಾನ ದೊಡ್ಡ ಗಾಡಿಯನ್ನು ತಾನೇ ಓಡಿಸಿಕೊಂಡು ಕೆರೆಯ ದಂಡೆಗೆ ಹೋಗುತ್ತಿದ್ದ. ಉಂಡು, ಜನರೇಟರ್ ಹಾಕಿ, ಎಸಿಯ ತಂಪಿನಲ್ಲಿ ಸಂಜೆಯವರೆಗೆ ನಿದ್ದೆ. ಹೊಗೆ ತುಂಬಿದರೆ ಕೂಗಿ ಎಬ್ಬಿಸುವ ಅಲಾರಂ ಒಂದು ಮಂಚದ ಮೇಲಿತ್ತು. ನಿದ್ದೆ ಕೆಡುತ್ತದೆಂದು ಅದರ ಬ್ಯಾಟರಿಯನ್ನು ಯಜಮಾನನೇ ಕಿತ್ತು ಎಸೆದಿದ್ದ. ತನ್ನ ಸಾವಿನ ಮುಕ್ಕಾಲು ಕೆಲಸವನ್ನು ಅವನೇ ಮಾಡಿಟ್ಟಿದ್ದ. ಉಳಿದದ್ದು ಹೊಗೆಕೊಳವೆಯ ಕೀಲಿನ ಒಂದು ನಟ್ಟು, ಅರ್ಧ ಸುತ್ತು. ಕೆರೆಯ ದಾರಿಯ ಗುಂಡಿಗಳಿಗೆ ಹಿಡಿಶಾಪ ಹಾಕದವರಿಲ್ಲ. ಕುಲುಕಾಟಕ್ಕೆ ನಟ್ಟು ಸಡಿಲಾಯಿತು ಎಂದರೆ ಯಾರು ತಾನೇ ಅಲ್ಲಗಳೆಯುತ್ತಾರೆ?

ಬುಧವಾರ ಬೆಳಗ್ಗೆ, ಯಂತ್ರ ತಣ್ಣಗಿರುವಾಗಲೇ, ಮ್ಯಾನೇಜರಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮೇಸ್ತ್ರಿ ದೊಡ್ಡ ಗಾಡಿಯ ಜನರೇಟರಿನ ತಪಾಸಣೆ ಮಾಡಿದ. ಆಯಿಲ್ ಮಟ್ಟ ತೋರಿಸಿದ. ಏರ್ ಫಿಲ್ಟರ್ ಬಿಚ್ಚಿ ಕೊಡವಿದ. ವೈರುಗಳನ್ನು ಒಂದೊಂದಾಗಿ ಎಳೆದು ನೋಡಿದ. ಕೊಳವೆಯ ನಟ್ಟುಗಳನ್ನು ಬಿಗಿ ಮಾಡಿ ಹಳದಿ ಗೀಟು ಎಳೆದ. ಹೊಗೆ ಸೋರುವ ಕಡೆ ಮಸಿ ಕಟ್ಟುತ್ತದೆ. ಕೊಳವೆಯ ಕೀಲುಗಳ ಮೇಲೆಲ್ಲ ಬೆರಳಾಡಿಸಿ, ಮಸಿಯಿಲ್ಲದ ಬೆರಳನ್ನು ಆಕೆಯ ಮೂಗಿನ ಮುಂದೆ ಹಿಡಿದ. ಎಸಿ ಹಾಕಿ ಅರ್ಧ ಗಂಟೆ ಓಡಿಸಿದ.

"ನಮ್ಮಪ್ಪ ನನ್ನ ಗಂಡನ್ನೂ ಇಷ್ಟು ಪರೀಕ್ಷೆ ಮಾಡ್ಲಿಲ್ಲ ಮೇಸ್ತ್ರಿ," ಎನ್ನುತ್ತ ಆಕೆ ತಪಾಸಣೆಯ ಪುಸ್ತಕಕ್ಕೆ ರುಜು ಹಾಕಿದಳು.

"ಮಾಡಿದ್ರೆ ವಾಪಸ್ ಕಳಿಸ್ತಿದ್ರೋ ಏನೋ," ಎಂದ ಮೇಸ್ತ್ರಿ. ಈ ಸಲ ಹಾಳೆಯ ನಕಲು ತೆಗೆಸಿ ಮನೆಯಲ್ಲಿಟ್ಟ.

ಗುರುವಾರ ಎಲ್ಲರೂ ಊಟಕ್ಕೆ ಹೋದಾಗ ಗಾಡಿಯ ಕೆಳಗೆ ನುಸುಳಿದ. ಸ್ಪ್ಯಾನರ್ ಹಾಕಿ ನಟ್ಟನ್ನು ಅರ್ಧ ಸುತ್ತು ತಿರುಗಿಸಿದ. ಕಳ್ಳನಂತೆ ಆತುರಪಡಲಿಲ್ಲ. ದಿನದ ಕೆಲಸವನ್ನು ಮಾಡುವಂತೆ ಮಾಡಿ, ಕೈ ಒರೆಸಿಕೊಂಡು ಹೊರಬಂದ. ಎಲ್ಲರಿಗಿಂತ ಐದು ನಿಮಿಷ ತಡವಾಗಿ ಊಟಕ್ಕೆ ಕೂತ.

ಶುಕ್ರವಾರ ಯಜಮಾನ ಕೀಲಿಕೈ ತಿರುಗಿಸುತ್ತ ಬಂದ. "ಏನಯ್ಯಾ ಕಿವಿ, ಜನರೇಟರ್ ಏನಂತು?"

"ಆರಾಮಾಗಿ ಮಲಗಿ ಅಂತು, ಯಜಮಾನ್ರೇ."

ಮರುದಿನ ಮೀನು ಹಿಡಿಯುವವರು ಗಾಡಿಯ ಬಾಗಿಲು ಒಡೆದರು. ಒಳಗೆ ಯಜಮಾನ ಹೊದಿಕೆ ಹೊದ್ದು ಮಲಗಿದಂತೆಯೇ ಇದ್ದ. ಸುದ್ದಿ ಕೇಳಿ ಮೇಸ್ತ್ರಿ ಕರವಸ್ತ್ರ ತೆಗೆಯಲಿಲ್ಲ.

ಸೋಮವಾರ ಪೊಲೀಸರ ಜೊತೆ ವಾಹನ ಪರೀಕ್ಷಕಿಯೊಬ್ಬಳು ಬಂದಳು. ಗಾಡಿಯ ಕೆಳಗೆ ಮಲಗಿ ಬಹಳ ಹೊತ್ತು ನೋಡಿ, ಮೇಸ್ತ್ರಿಯನ್ನೂ ಕೆಳಗೆ ಕರೆದಳು.

"ನಟ್ಟು ಕುಲುಕಾಟಕ್ಕೆ ಸಡಿಲಾಗಿದೆ ಅಂತೀರಾ?"

"ನಾನ್ಯಾಕೆ ಅನ್ನಲಿ, ಆ ರಸ್ತೆನೇ ಹೇಳುತ್ತೆ. ಅಲಾರಂ ಬ್ಯಾಟರಿ ಕಿತ್ತೋರು ಯಾರು, ಅದನ್ನ ಕೇಳಿ ಮೇಡಂ. ನನ್ನ ತಮ್ಮ ಸತ್ತಾಗ ಇಷ್ಟು ಹೊತ್ತು ಯಾರೂ ಗಾಡಿ ಕೆಳಗೆ ಮಲಗಲಿಲ್ಲ."

"ಈ ಹಳದಿ ಗೀಟು?"

"ನಂದೇ." ಅವನ ದನಿ ಏರಿತು. "ನಟ್ಟು ಬಿಗಿ ಮಾಡಿದ ಮೇಲೆ ನಟ್ಟು, ಬೋಲ್ಟು ಎರಡಕ್ಕೂ ಸೇರಿಸಿ ಒಂದು ಗೀಟು. ಆಮೇಲೆ ನಟ್ಟು ಒಂಚೂರು ತಿರುಗಿದ್ರೂ ಗೀಟು ತುಂಡಾಗಿ ಕಾಣುತ್ತೆ. ಈ ಗ್ಯಾರೇಜಲ್ಲಿ ನನ್ನ ಬಿಟ್ಟು ಯಾರೂ ಎಳೆಯಲ್ಲ. ನಲವತ್ತು ವರ್ಷದ ಪದ್ಧತಿ."

ಆಕೆ ಟಾರ್ಚನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದಳು. ಬುಧವಾರದ ಗೀಟು ತುಂಡಾಗಿತ್ತು. ಬೋಲ್ಟಿನ ಮೇಲೊಂದು ಚೂರು, ಅರ್ಧ ಸುತ್ತು ಆಚೆಗೆ ನಟ್ಟಿನ ಮೇಲೊಂದು ಚೂರು. ಅವನು ಎಣಿಸಿದಂತೆಯೇ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಗೀಟಿತ್ತು. ನಲವತ್ತು ವರ್ಷ, ಯಾವ ನಟ್ಟಿನ ಕೆಲಸ ಮುಗಿದರೂ ಮನಸ್ಸನ್ನು ಕೇಳದೆ ಜೇಬಿನಿಂದ ಪೇಂಟ್ ಪೆನ್ನು ತೆಗೆದ ಕೈ ಗುರುವಾರವೂ ತೆಗೆದಿತ್ತು. ಸಡಿಲಾದ ನಟ್ಟಿನಿಂದ ಬೋಲ್ಟಿನವರೆಗೆ ಹೊಸ ಹಳದಿ ಗೀಟು, ನೆಟ್ಟಗೆ, ಇಡಿಯಾಗಿ. ಕೆರೆಯ ದಾರಿಯ ಅಷ್ಟೂ ಗುಂಡಿಗಳು ಅದನ್ನು ಕೂದಲೆಳೆಯಷ್ಟೂ ಅಲುಗಿಸಿರಲಿಲ್ಲ.